ಹೆಸರಿಗೆ ಎಷ್ಟು, ನೆಲಕ್ಕೆ ಎಷ್ಟು?

ಕಳೆದ ತಿಂಗಳು ನಮ್ಮ ಮನೆಯ ಊಟದ ಹೊತ್ತಿನ ಮಾತೆಲ್ಲ ಇಟಲಿಯ ಒಬ್ಬ ವಿನ್ಯಾಸಕಾರನ ಸುತ್ತಲೇ ನಡೆಯಿತು. ಆತ ಯಾರು, ಏನು ಮಾಡುತ್ತಾನೆ ಎಂಬುದು ಅಪ್ಪ, ಅವ್ವ ಇಬ್ಬರಿಗೂ ಗೊತ್ತಿಲ್ಲ. ನನಗೂ ಗೂಗಲ್ ಮಾಡುವವರೆಗೆ ಗೊತ್ತಿರಲಿಲ್ಲ. ಆದರೆ ಉಣಕಲ್‌ನಲ್ಲಿರುವ ನಮ್ಮ ಒಂದೇ ಒಂದು ಸೈಟು ಮಾರಿದರೆ ಆತನ ಹೆಸರು ಹೊತ್ತ ಕಟ್ಟಡದಲ್ಲಿ ನಮಗೊಂದು ಫ್ಲ್ಯಾಟ್ ಸಿಗುತ್ತದೆ ಎಂದು ಬೆಂಗಳೂರಿನಲ್ಲಿರುವ ಅಣ್ಣ ಫೋನ್ ಮಾಡಿದ್ದ.

ಅಪ್ಪ ಸಾರಿಗೆ ಸಂಸ್ಥೆಯ ವರ್ಕ್‌ಶಾಪ್‌ನಲ್ಲಿ ಮೆಕ್ಯಾನಿಕ್. ನಿವೃತ್ತಿಗೆ ಮೂರು ವರ್ಷ ಇದೆ. ಅಣ್ಣ ಕಳಿಸಿದ ಬ್ರೋಷರ್ ಅನ್ನು ಮೊಬೈಲ್‌ನಲ್ಲಿ ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, 'ನೀ ಸಿವಿಲ್ ಓದಾಕತ್ತೀಯಲ್ಲೋ ತಮ್ಮಾ, ನೋಡಿ ಹೇಳು, ಇದು ಮನೀನೋ ಏನು ಅಂಗಡೀನೋ' ಎಂದರು. ನಾನು ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಬೀಮು, ಕಾಲಮ್ಮಿನ ಲೆಕ್ಕ ಕೇಳಿದರೆ ಹೇಳಬಹುದು. ಮನೆ ಕೊಳ್ಳುವ ಲೆಕ್ಕವನ್ನು ನಮಗೆ ಯಾವ ಸೆಮಿಸ್ಟರ್‌ನಲ್ಲೂ ಕಲಿಸಿಲ್ಲ. ಆದರೂ ಅಪ್ಪ ಕೇಳಿದ್ದಕ್ಕೆ ಕೂತು ಲೆಕ್ಕ ಹಾಕಿದೆ. ಇನ್ನೆರಡು ಮೂರು ವರ್ಷದಲ್ಲಿ ನೌಕರಿ ಸೇರುವ ನಮ್ಮ ಓರಗೆಯ ಎಲ್ಲರಿಗೂ ಇಂಥ ಫೋನ್ ಬಂದೇ ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೈಟಿನ ವಿಚಾರ. ನಾವಿರುವ ಹಳೇ ಮನೆ ಉಣಕಲ್‌ನ ಚಂದ್ರಮೌಳೇಶ್ವರ ದೇವಸ್ಥಾನದ ಪಕ್ಕದ ಓಣಿಯಲ್ಲಿದೆ. ಚಾಲುಕ್ಯರ ಕಾಲದ ಈ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಕಾಯ್ದೆ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ನಮ್ಮ ಮನೆ ಮೊದಲ ನೂರರೊಳಗೇ ಬರುತ್ತದೆ. ಮೇಲೊಂದು ಅಂತಸ್ತು ಏರಿಸುವ ಹಾಗಿಲ್ಲ, ಒಳ್ಳೆಯ ರೇಟಿಗೆ ಮಾರುವುದೂ ಕಷ್ಟ. ಹಾಗಾಗಿ 2008ರಲ್ಲಿ ಅಪ್ಪ ಸೊಸೈಟಿ ಸಾಲ ಮಾಡಿ, ಅವ್ವನ ಪಾಟ್ಲಿ ಅಡವಿಟ್ಟು 6 ಲಕ್ಷಕ್ಕೆ ಕೊಂಡ ತರ್ಟಿ-ಫಾರ್ಟಿ ಸೈಟೇ ನಮ್ಮ ಆಸ್ತಿ. ಹುಡಾ ಮಂಜೂರಾತಿ ಇದೆ, ಉತಾರ ಅಪ್ಪನ ಹೆಸರಿನಲ್ಲಿದೆ. ಈಗ 45 ಲಕ್ಷಕ್ಕೆ ಕೇಳುವವರಿದ್ದಾರೆ. ಅಣ್ಣ ಕೇಳಿದ್ದು ಇದನ್ನೇ.

ಬ್ರ್ಯಾಂಡೆಡ್ ಮನೆ ಎಂಬುದು ಹೊಸದೇನಲ್ಲ. ಫ್ರಾನ್ಸಿನ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ 1999ರಲ್ಲಿ ಜಾನ್ ಹಿಚ್‌ಕಾಕ್ಸ್ ಜೊತೆ ಸೇರಿ ಯೂ ಎಂಬ ಕಂಪನಿ ಕಟ್ಟಿದರು. ಪುಣೆಯಲ್ಲಿ ಪಂಚಶೀಲ್ ಸಂಸ್ಥೆ ಅದೇ ಹೆಸರಿನಲ್ಲಿ ವಸತಿ ಗೋಪುರಗಳನ್ನು ಕಟ್ಟಿತು. ಪುಣೆಯ ಟ್ರಂಪ್ ಟವರ್ಸ್ ಕಟ್ಟಿದ್ದೂ ಅದೇ ಪಂಚಶೀಲ್. ಮುಂಬೈನ ಶ್ರೀನಿವಾಸ ಮಿಲ್ಲಿನ ಜಾಗದಲ್ಲಿ ಎದ್ದ ಲೋಧಾ ಸಂಸ್ಥೆಯ ವರ್ಲ್ಡ್ ಒನ್ ಗೋಪುರದ ಒಳಾಂಗಣಕ್ಕೆ ಅರ್ಮಾನಿ ಕಾಸಾ ಹೆಸರಿದೆ. ಮಯಾಮಿಯ ಪೋರ್ಶೆ ಡಿಸೈನ್ ಟವರ್‌ನಲ್ಲಂತೂ ಕಾರನ್ನೇ ಲಿಫ್ಟ್‌ನಲ್ಲಿ ಮನೆಯವರೆಗೆ ಒಯ್ಯುತ್ತಾರೆ. (ನಮ್ಮ ಓಣಿಯಲ್ಲಿ ಬೈಕ್ ತಿರುಗಿಸಲೂ ಎರಡು ಸಲ ಹಿಂದೆ ಮುಂದೆ ಮಾಡಬೇಕು.) ಬೆಂಗಳೂರಿಗೆ ಬಂದದ್ದು ಹೆಚ್ಚಾಗಿ ಹೋಟೆಲ್ ಹೆಸರುಗಳು. ಬಳ್ಳಾರಿ ರಸ್ತೆಯ ಎಂಬಸಿ ಒನ್‌ನಲ್ಲಿ ಫೋರ್ ಸೀಸನ್ಸ್, ಭಾರತೀಯ ಸಿಟಿಯಲ್ಲಿ ಲೀಲಾ.

ಇದರ ವ್ಯವಹಾರ ಸರಳ. ಜಾಗ ಒಬ್ಬರದು, ಕಟ್ಟುವವರು ಬಿಲ್ಡರ್, ಹೆಸರು ಮಾತ್ರ ಇನ್ನೊಬ್ಬರದು. ಹೆಸರಿನ ಒಡೆಯರು ಇಟ್ಟಿಗೆ ಮುಟ್ಟುವುದಿಲ್ಲ, ಸಾಲ ಮಾಡುವುದಿಲ್ಲ. ಹೆಸರು ಬಳಸಲು ಕೊಟ್ಟದ್ದಕ್ಕೆ ಶುಲ್ಕ ಪಡೆಯುತ್ತಾರೆ. ಹೋಟೆಲ್ ಬ್ರ್ಯಾಂಡ್ ಆದರೆ ಕಟ್ಟಡ ಎದ್ದ ಮೇಲೂ ಜೊತೆಗಿದ್ದು ನಿರ್ವಹಣೆ ನೋಡಿಕೊಳ್ಳುತ್ತದೆ, ಅದಕ್ಕೆ ತಿಂಗಳು ತಿಂಗಳು ದುಡ್ಡು. ವಿನ್ಯಾಸಕಾರನ ಬ್ರ್ಯಾಂಡ್ ಆದರೆ ಲಾಬಿ, ಕ್ಲಬ್‌ಹೌಸ್, ಅಡುಗೆಮನೆ, ಬಾತ್‌ರೂಮಿನ ನಲ್ಲಿಗಳ ವಿನ್ಯಾಸ ಕೊಟ್ಟು ಹೋಗುತ್ತದೆ. ಅಣ್ಣ ತೋರಿಸಿದ್ದು ಈ ಎರಡನೇ ಬಗೆಯದು.

ಕರ್ನಾಟಕದಲ್ಲಿ ಇಂಥ ಕಟ್ಟಡ ಹಳೆಯದಾಗಿ, ಮರುಮಾರಾಟವಾಗಿ, ಲೆಕ್ಕ ಹಾಕಲು ಸಿಗುವ ಒಂದು ಉದಾಹರಣೆ ಬೇಕಿತ್ತು. ಅದು ಸಿಕ್ಕಿದ್ದು ಬೆಂಗಳೂರಿನ ಕಿಂಗ್‌ಫಿಶರ್ ಟವರ್ಸ್‌ನಲ್ಲಿ. ಅದು ವಿನ್ಯಾಸಕಾರನ ಹೆಸರಲ್ಲ, ಮದ್ಯದ ಮತ್ತು ವಿಮಾನದ ಹೆಸರು. ಆದರೆ ಹೆಸರಿನಿಂದಲೇ ಮಾರಿದ ಮನೆ ಎಂಬುದರಲ್ಲಿ ಅನುಮಾನವಿಲ್ಲ. ಯುಬಿ ಸಿಟಿ ಪಕ್ಕ, ಕಬ್ಬನ್ ಪಾರ್ಕ್ ಹತ್ತಿರ, ಮಲ್ಯ ಕುಟುಂಬದ ಹಳೇ ಬಂಗಲೆ ಇದ್ದ ಸುಮಾರು ನಾಲ್ಕೂವರೆ ಎಕರೆಯಲ್ಲಿ ಪ್ರೆಸ್ಟೀಜ್ ಸಂಸ್ಥೆ ಜಂಟಿಯಾಗಿ ಕಟ್ಟಿದ 34 ಅಂತಸ್ತು, 81 ಮನೆ. ತುದಿಯಲ್ಲಿ ವಿಜಯ್ ಮಲ್ಯ ಅವರಿಗಾಗಿಯೇ ಬಿಳಿ ಬಂಗಲೆ. 2024ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿ ಇಲ್ಲಿ 16ನೇ ಮಹಡಿಯ ಸುಮಾರು 8,400 ಚದರಡಿಯ ಮನೆಯನ್ನು ₹50 ಕೋಟಿಗೆ ಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ಅದಕ್ಕೂ ನಾಲ್ಕು ವರ್ಷ ಮೊದಲು ಸುಧಾ ಮೂರ್ತಿ ಇದೇ ಕಟ್ಟಡದಲ್ಲಿ ಒಂದು ಮನೆ ಕೊಂಡಿದ್ದರಂತೆ. ಸುಧಾ ಮೂರ್ತಿ ನಮ್ಮ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಉಣಕಲ್ ಕೆರೆಯಿಂದ ಚಿಗರಿ ಬಸ್ಸು ಹತ್ತಿದರೆ ಕೆಲವೇ ನಿಮಿಷದ ದಾರಿ. ಹಾಗಾಗಿ ಈ ಸುದ್ದಿ ನಮ್ಮ ಹಾಸ್ಟೆಲ್ ಹುಡುಗರ ನಡುವೆ ವಾರಗಟ್ಟಲೆ ಓಡಾಡಿತ್ತು. ಅಣ್ಣನ ವಾದವೂ ಇದೇ: 'ಅಂಥವರಾ ಬ್ರ್ಯಾಂಡೆಡ್ ಮನೀ ತಗೋತಾರಂದ್ರ ಅದರಾಗ ಏನರ ಇರತೈತಿ.'

ಏನಿದೆ ಎಂದು ನೋಡೋಣ. ಅದೇ ವರದಿಗಳ ಪ್ರಕಾರ 2010ರಲ್ಲಿ ಮಾರಾಟ ಶುರುವಾದಾಗ ಇಲ್ಲಿ ಚದರಡಿಗೆ ₹22,000 ದರವಿತ್ತು. 2024ರ ಕೊನೆಗೆ ₹59,500ರ ಸುಮಾರು. ಕೇಳಿದ ಕೂಡಲೇ 'ಎರಡೂವರೆ ಪಟ್ಟಿಗಿಂತ ಜಾಸ್ತಿ!' ಅನಿಸುತ್ತದೆ. ಹದಿನಾಲ್ಕು ವರ್ಷಕ್ಕೆ ಚಕ್ರಬಡ್ಡಿ ಲೆಕ್ಕದಲ್ಲಿ ಹಂಚಿ ನೋಡಿದರೆ ವರ್ಷಕ್ಕೆ ಶೇ 7.4 ಮಾತ್ರ. ನಾನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದೆ. ಶೇ 8ರ ಬಡ್ಡಿಯಲ್ಲಿ ಸುಮ್ಮನೆ ಇಟ್ಟಿದ್ದರೂ 22,000 ರೂಪಾಯಿ 64,600 ಆಗುತ್ತಿತ್ತು. 2011–12ರ ಸುಮಾರಿಗೆ ಬ್ಯಾಂಕ್ ಠೇವಣಿಗೇ ಶೇ 9ರ ಆಸುಪಾಸು ಬಡ್ಡಿ ಸಿಗುತ್ತಿತ್ತು. ಸೆನ್ಸೆಕ್ಸ್ 2010ರ ಕೊನೆಗೆ 20,500ರ ಹತ್ತಿರ ಇದ್ದದ್ದು 2024ರ ಕೊನೆಗೆ 78,000 ದಾಟಿತು, ಅಂದರೆ ಲಾಭಾಂಶ ಬಿಟ್ಟೇ ವರ್ಷಕ್ಕೆ ಶೇ 10. ಚಿನ್ನವೂ 10 ಗ್ರಾಂಗೆ 20 ಸಾವಿರದ ಆಸುಪಾಸಿನಿಂದ 76 ಸಾವಿರಕ್ಕೆ ಬಂದಿತ್ತು. ಇದನ್ನು ಓದಿ ಹೇಳಿದಾಗ ಅವ್ವ ಅಪ್ಪನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಅಡವಿಟ್ಟ ಪಾಟ್ಲಿ ಬಿಡಿಸಲು ನಾಲ್ಕು ವರ್ಷ ಹಿಡಿದಿತ್ತು.

ಈ ಲೆಕ್ಕದಲ್ಲಿ ಕೊರತೆಗಳಿವೆ, ಒಪ್ಪುತ್ತೇನೆ. ಕೊಂಡವರು ದುಡ್ಡನ್ನು ಒಂದೇ ದಿನ ಕೊಟ್ಟಿರುವುದಿಲ್ಲ, ಕಂತಿನಲ್ಲಿ ಕೊಟ್ಟಿರುತ್ತಾರೆ. ಬಾಡಿಗೆಗೆ ಕೊಟ್ಟಿದ್ದರೆ ಅದೂ ಸೇರುತ್ತದೆ. ಆದರೆ ನಿರ್ವಹಣಾ ವೆಚ್ಚ, ಆಸ್ತಿ ತೆರಿಗೆ, ನೋಂದಣಿ ಖರ್ಚು, ಮಾರುವಾಗಿನ ತೆರಿಗೆ ಕಳೆಯಬೇಕಲ್ಲ. ರಾಜ್ಯದ ಅತ್ಯಂತ ಬೇಡಿಕೆಯ ವಿಳಾಸಗಳಲ್ಲಿ ಒಂದರ ಗತಿ ಇದು. ಮೂರ್ತಿಯವರಿಗೆ ಇದು ಸಮಸ್ಯೆಯೇ ಅಲ್ಲ. ಅವರು ಅಲ್ಲಿ ಶೇ 7ನ್ನು ಹುಡುಕಿಕೊಂಡು ಹೋಗಿರಲಾರರು. ಊರ ನಡುವೆ, ಮರಗಳ ಪಕ್ಕ, ಕಾವಲಿರುವ ಜಾಗ ಬೇಕಿದ್ದಿರಬಹುದು. ₹50 ಕೋಟಿ ಅವರ ಸಂಪತ್ತಿನಲ್ಲಿ ಎಷ್ಟನೇ ಪಾಲು? ನಮ್ಮ ಸೈಟು ನಮ್ಮ ಸಂಪತ್ತಿನಲ್ಲಿ ಎಷ್ಟನೇ ಪಾಲು? ಅವರನ್ನು ನೋಡಿ ನಾವು ಕೊಳ್ಳುವುದರಲ್ಲಿ ಇರುವ ತಪ್ಪು ಇದೇ.

ಇದೇ ಕಟ್ಟಡದಲ್ಲಿ ಇನ್ನೊಂದು ಸಂಗತಿ ಇದೆ, ಅದೇ ನನಗೆ ಹೆಚ್ಚು ಕುತೂಹಲದ್ದು. ಕಿಂಗ್‌ಫಿಶರ್ ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದವು, ಮತ್ತೆ ಹಾರಲಿಲ್ಲ. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಅದೇ ವರ್ಷ ಜಾರಿ ನಿರ್ದೇಶನಾಲಯ ಜಪ್ತಿ ಮಾಡಿದ ಆಸ್ತಿಯಲ್ಲಿ ಈ ಗೋಪುರದ ಫ್ಲ್ಯಾಟುಗಳೂ ಸೇರಿದ್ದವು. ಅಂದರೆ ಕಟ್ಟಡಕ್ಕೆ ಇಟ್ಟ ಹೆಸರು ಕೆಟ್ಟಿತು. ಆದರೂ ದರ ಕುಸಿಯಲಿಲ್ಲ, ನಿಧಾನವಾಗಿಯಾದರೂ ಏರಿತು. ಹಾಗಾದರೆ ಬೆಲೆ ಇದ್ದದ್ದು ಯಾವುದಕ್ಕೆ? ಹೆಸರಿಗಂತೂ ಅಲ್ಲ. ನಾಲ್ಕೂವರೆ ಎಕರೆ ಅಂದರೆ 1,96,020 ಚದರಡಿ. ಸುಮ್ಮನೆ 81 ಮನೆಗೆ ಸಮನಾಗಿ ಹಂಚಿದರೆ ಒಂದು ಮನೆಗೆ 2,420 ಚದರಡಿ ನೆಲ. ನಮ್ಮ ಉಣಕಲ್ ಭಾಷೆಯಲ್ಲಿ ಹೇಳುವುದಾದರೆ ಎರಡು ತರ್ಟಿ-ಫಾರ್ಟಿ ಸೈಟು, ಅದೂ ಕಬ್ಬನ್ ಪಾರ್ಕ್ ಪಕ್ಕ. ಆ ನೆಲ ಇನ್ನೊಮ್ಮೆ ಹುಟ್ಟುವುದಿಲ್ಲ. ಬೆಲೆಯನ್ನು ಹಿಡಿದು ನಿಲ್ಲಿಸಿದ್ದು ಅದು.

ನ್ಯೂಯಾರ್ಕ್‌ನಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಸಂಗ ನಡೆದಿದೆ. ಟ್ರಂಪ್ ಪ್ಲೇಸ್ ಎಂಬ ಹೆಸರಿದ್ದ ರಿವರ್‌ಸೈಡ್ ಬುಲೆವಾರ್ಡ್‌ನ ಮೂರು ಕಟ್ಟಡಗಳಿಂದ 2016ರಲ್ಲಿ ಆ ಹೆಸರನ್ನು ಕಿತ್ತರು. ಪಕ್ಕದ ಇನ್ನೊಂದು ಕಟ್ಟಡದ ನಿವಾಸಿಗಳು ಕೋರ್ಟಿಗೆ ಹೋಗಿ, ಹೆಸರು ಇಟ್ಟುಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ತೀರ್ಪು ಪಡೆದು 2018ರಲ್ಲಿ ಅಕ್ಷರ ಇಳಿಸಿದರು. ಒಂದು ಕಾಲಕ್ಕೆ ಬೆಲೆ ಏರಿಸಲೆಂದು ಹಾಕಿದ ಹಿತ್ತಾಳೆ ಅಕ್ಷರವನ್ನು ಇಳಿಸಲು ದುಡ್ಡು ಖರ್ಚು! ಅರ್ಮಾನಿಯಂಥ ದೊಡ್ಡ ಹೆಸರಿನ ಒಡೆಯರೂ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಕಂಪನಿ ನಡೆಯುತ್ತದೆ, ನಿಜ. ಆದರೆ ಮೂವತ್ತು ವರ್ಷದ ಮೇಲೆ ಯಾವ ಹೆಸರಿಗೆ ಏನು ಬೆಲೆ ಎಂದು ಯಾರು ಬರೆದುಕೊಟ್ಟಾರು? ಅಪ್ಪನ ಕಾಲದಲ್ಲಿ ಎಚ್‌ಎಂಟಿ ಗಡಿಯಾರ ಕಟ್ಟಿಕೊಂಡರೆ ಜನ ತಿರುಗಿ ನೋಡುತ್ತಿದ್ದರಂತೆ.

ಈಗ ಅಣ್ಣನ ಫ್ಲ್ಯಾಟು. ಹೆಸರು ಬೇಡ, ಲೆಕ್ಕ ಸಾಕು. ಐದು ಎಕರೆಯಲ್ಲಿ 700 ಮನೆ. ಅಂದರೆ ಒಂದು ಮನೆಗೆ ಹಂಚಿಕೆಯಾಗುವ ನೆಲ ಸುಮಾರು 311 ಚದರಡಿ. ನಮ್ಮ ಸೈಟಿನ ಕಾಲು ಭಾಗ ಅಷ್ಟೇ. ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಎನ್ನುವುದು ಎರಡು ವಸ್ತು: ಈ ಅವಿಭಜಿತ ನೆಲದ ಪಾಲು ಮತ್ತು ಕಾಂಕ್ರೀಟು. ನೆಲಕ್ಕೆ ಬೆಲೆ ಏರುತ್ತದೆ. ಕಾಂಕ್ರೀಟು, ಲಿಫ್ಟು, ಪೈಪು, ಇಟಲಿಯ ನಲ್ಲಿ, ಇವೆಲ್ಲ ದಿನದಿನಕ್ಕೆ ಸವೆಯುತ್ತವೆ. ಆರ್‌ಸಿಸಿ ಕಟ್ಟಡವನ್ನು ಸಾಮಾನ್ಯವಾಗಿ 50 ವರ್ಷದ ಬಾಳಿಕೆ ಇಟ್ಟುಕೊಂಡೇ ವಿನ್ಯಾಸ ಮಾಡುತ್ತಾರೆಂದು ನಮ್ಮ ಸರ್ ಮೊದಲ ತರಗತಿಯಲ್ಲೇ ಹೇಳಿದ್ದರು. ಬ್ರ್ಯಾಂಡ್ ಹೆಸರಿನ ಹೆಚ್ಚುವರಿ ದುಡ್ಡೆಲ್ಲ ಹೋಗುವುದು ಈ ಸವೆಯುವ ಭಾಗಕ್ಕೆ. ಎಲ್ಲಕ್ಕಿಂತ ಬೇಗ ಹಳೆಯದಾಗುವುದು ಒಳಾಂಗಣ. ಸಾಲ 20 ವರ್ಷದ್ದು, ಸೋಫಾ ಹತ್ತು ವರ್ಷದ್ದು.

1,650 ಚದರಡಿ, ಚದರಡಿಗೆ ₹13,500, ಒಟ್ಟು ₹2.23 ಕೋಟಿ ಎಂದು ಬ್ರೋಷರ್ ಹೇಳುತ್ತಿತ್ತು. ಚಿಕ್ಕ ಅಕ್ಷರದಲ್ಲಿ ಸೂಪರ್ ಬಿಲ್ಟಪ್ ಎಂದಿತ್ತು. ಲಾಬಿ, ಮೆಟ್ಟಿಲು, ಲಿಫ್ಟಿನ ಬಾವಿ, ಕ್ಲಬ್‌ಹೌಸ್ ಎಲ್ಲದರ ಪಾಲನ್ನು ನಮ್ಮ ತಲೆಗೆ ಕಟ್ಟಿದ ಅಳತೆ ಅದು. ರೇರಾ ಕಾಯ್ದೆ 2016ರ ಪ್ರಕಾರ ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಲೇಬೇಕು. ಕೇಳಿದಾಗ 1,080 ಎಂದರು. ಕಾಲಿಡುವ ಜಾಗಕ್ಕೆ ಲೆಕ್ಕ ಹಾಕಿದರೆ ಚದರಡಿಗೆ ₹20,600 ಆಯಿತು. ಇದರ ಮೇಲೆ ನಿರ್ಮಾಣ ಹಂತದ ಮನೆಗೆ ಶೇ 5 ಜಿಎಸ್‌ಟಿ. ಮುದ್ರಾಂಕ ಶುಲ್ಕ ಶೇ 5, ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿಸಿದೆ. ಎಲ್ಲ ಕೂಡಿಸಿದರೆ ಸುಮಾರು ₹28 ಲಕ್ಷ. ಅಪ್ಪನ ಸೈಟಿನ 45 ಲಕ್ಷದಲ್ಲಿ 28 ಲಕ್ಷ ಒಂದು ಇಟ್ಟಿಗೆಯನ್ನೂ ಕೊಳ್ಳುವುದಿಲ್ಲ!

ಒಟ್ಟು ₹2.51 ಕೋಟಿ. ಸೈಟಿನದು 45 ಲಕ್ಷ, ಅಣ್ಣ-ವೈನಿಯ ಉಳಿತಾಯ 40 ಲಕ್ಷ. ಉಳಿದ ₹1.66 ಕೋಟಿ ಸಾಲ. 75 ಲಕ್ಷ ಮೀರಿದ ಗೃಹಸಾಲಕ್ಕೆ ಬ್ಯಾಂಕುಗಳು ಮನೆಯ ಬೆಲೆಯ ಶೇ 75ರವರೆಗೆ ಮಾತ್ರ ಕೊಡಬಹುದೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಇವರದು ಆ ಗೆರೆಯ ಮೇಲೇ ನಿಂತಿತ್ತು. ಶೇ 8ರ ಬಡ್ಡಿ, 20 ವರ್ಷ ಎಂದರೆ ತಿಂಗಳಿಗೆ ₹1.39 ಲಕ್ಷ ಕಂತು. ನಿರ್ವಹಣೆ ಚದರಡಿಗೆ ₹12, ಅದೂ ಕಾರ್ಪೆಟ್ ಏರಿಯಾಕ್ಕಲ್ಲ, 1,650ಕ್ಕೆ. ಅಲ್ಲಿಗೆ ಇನ್ನೂ ₹19,800. ಈಗ ಅವರು ಅದೇ ಭಾಗದಲ್ಲಿ ಅಷ್ಟೇ ಕೋಣೆಗಳ ಮನೆಗೆ ಕೊಡುವ ಬಾಡಿಗೆ ₹45,000. ವರ್ಷಕ್ಕೆ 5.4 ಲಕ್ಷ. ಹೊಸ ಮನೆಯನ್ನು ಬಾಡಿಗೆಗೆ ಕೊಟ್ಟರೂ ಅಷ್ಟೇ ಬರುವುದಾದರೆ ₹2.23 ಕೋಟಿಗೆ ವರ್ಷಕ್ಕೆ ಶೇ 2.4. ಸಾಲದ ಬಡ್ಡಿಯೇ ಮೊದಲ ವರ್ಷ 13 ಲಕ್ಷ ದಾಟುತ್ತದೆ. ಹೂಡಿಕೆ ಎಂದು ಕರೆಯಬೇಕಾದರೆ ಮನೆಯ ಬೆಲೆ ವರ್ಷ ವರ್ಷ ಬಿಡದೆ ಏರಬೇಕು, ಇಬ್ಬರ ನೌಕರಿಯೂ 20 ವರ್ಷ ಗಟ್ಟಿಯಾಗಿರಬೇಕು. ಐಟಿ ಕಂಪನಿಗಳಲ್ಲಿ ಜನರನ್ನು ಮನೆಗೆ ಕಳಿಸುತ್ತಿರುವ ಸುದ್ದಿ ಓದುವ ನಮಗೆ ಎರಡನೆಯದೇ ಹೆಚ್ಚು ಭಯ.

ಲೆಕ್ಕ ಒಂದು ಕಡೆ. ಅಣ್ಣ ಒತ್ತಾಯ ಮಾಡಿದ್ದಕ್ಕೆ ಒಂದು ಶನಿವಾರ ನಾನೂ ಅಪ್ಪನೂ ಬೆಂಗಳೂರಿಗೆ ಹೋಗಿ ಅವರ ಎಕ್ಸ್‌ಪೀರಿಯನ್ಸ್ ಸೆಂಟರ್ ನೋಡಿ ಬಂದೆವು. ಎಸಿ, ಪರಿಮಳ, ಕಾಫಿ, ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಮಾದರಿ. ಮಾದರಿ ಫ್ಲ್ಯಾಟು ನಿಜಕ್ಕೂ ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಹತ್ತು ನಿಮಿಷ ನನಗೂ ಇಲ್ಲೇ ಇರಬೇಕು ಅನ್ನಿಸಿತು. ಆಮೇಲೆ ಗಮನಿಸಿದರೆ ಒಳಕೋಣೆಗಳಿಗೆ ಬಾಗಿಲೇ ಇಲ್ಲ, ಮಂಚ ಮಾಮೂಲಿಗಿಂತ ಗಿಡ್ಡ. ಅಪ್ಪ ಮಂಚದ ಪಕ್ಕ ನಿಂತು ಗೇಣಿನಲ್ಲಿ ಅಳೆದು ನಕ್ಕರು. ನಾನು ಸೇಲ್ಸ್‌ನವರಿಗೆ, 'ಫೌಂಡೇಶನ್ ಯಾವುದು ಸರ್, ರಾಫ್ಟೋ ಪೈಲೋ? ಮಣ್ಣಿನ ಪರೀಕ್ಷೆ ವರದಿ ನೋಡಬಹುದಾ?' ಎಂದು ಕೇಳಿದೆ. ಅವರು 'ಲಾಬಿಯ ಮಾರ್ಬಲ್ ನೋಡಿದ್ರಾ ಸರ್?' ಎಂದರು. ಪಾಪ, ಅವರ ವಯಸ್ಸೂ ನನ್ನ ಅಣ್ಣನಷ್ಟೇ. ಅವರಿಗೆ ಕೊಟ್ಟ ಪಾಠದಲ್ಲಿ ಮಾರ್ಬಲ್ ಇತ್ತು, ಮಣ್ಣು ಇರಲಿಲ್ಲ.

ನನ್ನ ಪ್ರಶ್ನೆ ತಮಾಷೆಯದಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ನಾನಾಗ ಎಂಟನೇ ತರಗತಿ. ದಿನಗಟ್ಟಲೆ ಅವಶೇಷದಡಿಯಿಂದ ಜನರನ್ನು ಹೊರತೆಗೆಯುತ್ತಿದ್ದದ್ದನ್ನು ಟಿವಿಯಲ್ಲಿ ನೋಡಿದ್ದು ನೆನಪಿದೆ. ನಾನು ಸಿವಿಲ್ ತಗೊಂಡದ್ದಕ್ಕೆ ಅದೂ ಒಂದು ಕಾರಣ. ದೊಡ್ಡ ಹೆಸರು, ದೊಡ್ಡ ಬೆಲೆ ಇದ್ದ ಮಾತ್ರಕ್ಕೆ ಈ ಪ್ರಶ್ನೆ ಕೇಳಬಾರದೆಂದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮಿಲೇನಿಯಂ ಟವರ್ 58 ಅಂತಸ್ತಿನ ಐಷಾರಾಮಿ ಕಟ್ಟಡ, 2009ರಲ್ಲಿ ತೆರೆಯಿತು. 2016ರ ಹೊತ್ತಿಗೆ ಅದು 16 ಇಂಚು ಕುಸಿದು ವಾಲಿರುವುದು ಬಯಲಾಯಿತು. ಅದರ ಪೈಲುಗಳು ಕೆಳಗಿನ ಬಂಡೆಯವರೆಗೆ ಇಳಿದಿರಲಿಲ್ಲ. ನ್ಯೂಯಾರ್ಕ್‌ನ 432 ಪಾರ್ಕ್ ಅವೆನ್ಯೂ ಹೆಸರಾಂತ ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ಅವರದು. ನೀರು ಸೋರಿಕೆ, ಲಿಫ್ಟ್ ಕೈಕೊಡುವುದು, ಗಾಳಿ ಬೀಸಿದರೆ ಕಟ್ಟಡದ ಸದ್ದು, ಹೀಗೆ ನೂರಾರು ದೋಷ ಹೇಳಿ ನಿವಾಸಿಗಳ ಮಂಡಳಿಯೇ 2021ರಲ್ಲಿ ಬಿಲ್ಡರ್ ಮೇಲೆ ದಾವೆ ಹೂಡಿತು. ಎರಡೂ ಕಡೆ ಲಾಬಿ ಚೆನ್ನಾಗಿಯೇ ಇತ್ತು.

ಮನೆಯಾಗಿ ಹೇಗೆ ಎಂದು ಕೇಳಿದರೆ ಉತ್ತರ ಅಷ್ಟು ಕಟುವಲ್ಲ. ವೈನಿ ಒಂದು ಮಾತು ಹೇಳಿದರು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ: 'ನಿಮಗ ಲೆಕ್ಕ ಕಾಣತೈತಿ. ಮೂರು ವರ್ಷದಾಗ ಮೂರು ಮನಿ ಬದಲಿ ಮಾಡೇವಿ. ಮಾಲಕರು ಬಿಡ್ರಿ ಅಂದ ಕೂಡಲೇ ಗಂಟು ಕಟ್ಟಬೇಕು. ಮಗಳ ಸಾಲಿ ಬದಲಾಗಬೇಕು.' ಒಳ್ಳೆಯ ನಿರ್ವಹಣೆಯ ಕಟ್ಟಡದಲ್ಲಿ ನೀರು, ಕಾವಲು, ಮಕ್ಕಳು ಆಡುವ ಜಾಗ ಸಿಗುತ್ತದೆ. ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾಯ್ದವರಿಗೆ ಅದರ ಬೆಲೆ ಗೊತ್ತು. ಹೋಟೆಲ್ ಬ್ರ್ಯಾಂಡ್ ಇರುವ ಕಡೆ ಹತ್ತು ವರ್ಷದ ಮೇಲೂ ಕಾರಿಡಾರು ಹೊಳೆಯುತ್ತಿರಬಹುದು. ಸ್ವಂತ ಮನೆ ಬೇಕೆಂಬ ಆಸೆಯನ್ನು ಇಪ್ಪತ್ತು ವರ್ಷದ, ಇನ್ನೂ ಒಂದು ರೂಪಾಯಿ ದುಡಿಯದ ನಾನು ಶೇಕಡಾವಾರಿನಲ್ಲಿ ಅಳೆಯುವುದು ಸ್ವಲ್ಪ ಅತಿಯೇ. ಆದರೆ ವೈನಿ ಕೇಳಿದ್ದು ಮನೆ. ಇಟಲಿಯವನ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಅದೇ ಭಾಗದಲ್ಲಿ ಎಂಟು ವರ್ಷ ಹಳೆಯ, ಓಸಿ ಸಿಕ್ಕಿರುವ, ಹೆಸರಿಲ್ಲದ ಬಿಲ್ಡರ್ ಕಟ್ಟಿದ ಅಪಾರ್ಟ್‌ಮೆಂಟುಗಳೂ ಇವೆ. ಜಿಎಸ್‌ಟಿ ಇಲ್ಲ, ಕಟ್ಟಡ ಕಣ್ಣೆದುರಿಗಿದೆ, ಸೋರುತ್ತದೋ ಇಲ್ಲವೋ ಪಕ್ಕದ ಮನೆಯವರನ್ನೇ ಕೇಳಬಹುದು. ಅದನ್ನು ನೋಡೋಣ ಎಂದರೆ ಅಣ್ಣನಿಗೆ ಮುಖ ಗಂಟು.

ಸೈಟೇ ದೇವರು ಎಂದೂ ನಾನು ಹೇಳುತ್ತಿಲ್ಲ. 6 ಲಕ್ಷದ್ದು 17 ವರ್ಷದಲ್ಲಿ 45 ಲಕ್ಷ ಎಂದರೆ ವರ್ಷಕ್ಕೆ ಶೇ 12.6. ಆದರೆ ಅದು ನಸೀಬು ಕೂಡ. ಬಿಆರ್‌ಟಿಎಸ್ ರಸ್ತೆ ಬಂತು, ಊರು ಈ ಕಡೆ ಬೆಳೆಯಿತು. ಅಪ್ಪನ ಜೊತೆಗೇ ಕೆಲಸ ಮಾಡುವ ಒಬ್ಬರು ಅದೇ ವರ್ಷ, ಅಷ್ಟೇ ದುಡ್ಡಿಗೆ, ಎನ್‌ಎ ಆಗದ ಜಮೀನಿನಲ್ಲಿ ಸೈಟು ಹಿಡಿದು ಇನ್ನೂ ಅಲೆಯುತ್ತಿದ್ದಾರೆ. ಸೈಟು ಬಾಡಿಗೆ ತರುವುದಿಲ್ಲ, ತುರ್ತಿಗೆ ನಾಳೆ ಮಾರಲಾಗುವುದಿಲ್ಲ. ಅಪ್ಪನ ಪಿಂಚಣಿ ಎಷ್ಟು ಬರುತ್ತದೆಂದು ನಮಗೆ ಗೊತ್ತು, ಅದು ಸಾಲದು. ಹಾಗಾಗಿ ಆ ಸೈಟು ಅಪ್ಪ-ಅವ್ವನ ಮುಪ್ಪಿನದು. ಅದನ್ನು ಅಣ್ಣನ ಕಾರ್ಪೆಟ್ ಏರಿಯಾಕ್ಕೆ ಹಾಕಬಾರದು ಎಂದು ನಾನು ಅಪ್ಪನ ಎದುರೇ, ಅಣ್ಣ ಫೋನಿನಲ್ಲಿರುವಾಗಲೇ ಹೇಳಿಬಿಟ್ಟೆ. ಅಣ್ಣ, 'ನಿನ್ನ ಫೀ ಯಾರು ಕಟ್ಟಾಕತ್ತಾರ ಗೊತ್ತೈತೇನು?' ಎಂದ. ಗೊತ್ತಿದೆ, ಅವನೇ ಕಟ್ಟುತ್ತಿರುವುದು.

ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ಲೆಕ್ಕವಲ್ಲ, ರೇರಾ. ಯೋಜನೆಯ ನೋಂದಣಿ ಸಂಖ್ಯೆ ಕೇಳಿದೆ. 'ಪ್ರೀ-ಲಾಂಚ್ ಸರ್, ಅಪ್ಲೈ ಮಾಡಿದೀವಿ' ಎಂದರು. ನೋಂದಣಿ ಆಗುವ ಮುನ್ನ ಜಾಹೀರಾತು ಕೊಡುವ, ಬುಕಿಂಗ್ ತೆಗೆದುಕೊಳ್ಳುವ ಹಾಗಿಲ್ಲ ಎಂದು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಮೀರಿದರೆ ಯೋಜನಾ ವೆಚ್ಚದ ಶೇ 10ರವರೆಗೆ ದಂಡ. ನೋಂದಣಿಯಾದ ಮೇಲೂ ಒಪ್ಪಂದ ಪತ್ರ ಮಾಡಿಕೊಳ್ಳದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ಶೇ 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಹೆಸರು ಕೊಟ್ಟ ವಿನ್ಯಾಸಕಾರನಿಗೆ ಇದ್ಯಾವುದರ ಜವಾಬ್ದಾರಿಯೂ ಇಲ್ಲ, ಕಾಯ್ದೆಯ ಕಣ್ಣಿಗೆ ಕಾಣುವುದು ಪ್ರವರ್ತಕರು ಮಾತ್ರ. ನೋಂದಾಯಿತ ಯೋಜನೆಗಳ ವಿವರ ಕರ್ನಾಟಕ ರೇರಾ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೌಕರಿ ಸಿಕ್ಕ ಮೊದಲ ವರ್ಷವೇ ಮನೆ ಬುಕ್ ಮಾಡಲು ಹೊರಡುವ ಗೆಳೆಯರು ಲಾಬಿಗಿಂತ ಮೊದಲು ಇದನ್ನು ನೋಡಲಿ. ಹಣ ಕೊಡುವ ಮುಂಚೆ ನೋಡಲಿ ಎಂಬುದು ಮುಖ್ಯ. ಯಾಕೆಂದರೆ ಅಣ್ಣ ನಮಗೆ ಹೇಳದೆಯೇ 'ಆಸಕ್ತಿ ತೋರಿಸಲು' ಎಂದು ಎರಡು ಲಕ್ಷ ಕಟ್ಟಿಬಿಟ್ಟಿದ್ದ.

ಈಗ ವಾಪಸ್ ಕೇಳಿದ್ದಾನೆ. 45 ಕೆಲಸದ ದಿನ ಬೇಕು ಎಂದಿದ್ದಾರೆ. ಅಪ್ಪ ಹೋದ ಭಾನುವಾರ ಕುಡುಗೋಲು ತಗೊಂಡು ಸೈಟಿಗೆ ಹೋಗಿ ಕಾಂಗ್ರೆಸ್ ಕಸ ಕಿತ್ತು ಬಂದರು. ನಾನೂ ಹೋಗಿದ್ದೆ. ಆ ಲೇಔಟಿನ ಆಚೆ ತುದಿಯಲ್ಲಿ ಹೊಸ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಿದ್ದಾರೆ. ಕೆರೆ ಕಾಣುತ್ತದೆಂದು ದೊಡ್ಡ ಬೋರ್ಡು ಹಾಕಿದ್ದಾರೆ. ಬೋರ್ಡಿನ ಮೂಲೆಯಲ್ಲಿ ರೇರಾ ಸಂಖ್ಯೆ ಇತ್ತು, ಫೋಟೊ ಹೊಡೆದು ಅಣ್ಣನಿಗೆ ಕಳಿಸಿದೆ. ನೋಡಿದ್ದಾನೆ, ಎರಡು ನೀಲಿ ಗೀಟು ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ.